ಕಾಫಿಯ ಹೊಟ್ಟು, ಮೋಟಾರಿನ ದೀಪ

ಕಾಫಿಬೀಜವನ್ನು ಹುರಿಯುವಾಗ ಅದರ ಮೈಗಂಟಿದ ತೆಳುಪೊರೆಯು ಸುಲಿದು ಹೊಟ್ಟಾಗಿ ಹಾರುವುದನ್ನು ವಾಚಕರು ಕಂಡಿರಬಹುದು. ಅಮೆರಿಕದ ಫೋರ್ಡ್ ಕಂಪನಿಯು ಮೆಕ್‌ಡೊನಾಲ್ಡ್ಸ್ ಸಂಸ್ಥೆಯಿಂದ ಈ ಹೊಟ್ಟನ್ನು ಪಡೆದು ಮೋಟಾರುಗಾಡಿಯ ಹೆಡ್‌ಲೈಟಿನ ಗೂಡನ್ನು ತಯಾರಿಸುವುದಾಗಿ 2019ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹೊಟ್ಟನ್ನು ಹಾಗೆಯೇ ಪ್ಲಾಸ್ಟಿಕ್ಕಿಗೆ ಬೆರೆಸಿದರಾಗದೆ? ಆಗದು. ಪಾಲಿಪ್ರೊಪಿಲೀನ್‌ನಂತಹ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬಲು ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಅಷ್ಟು ಶಾಖದಲ್ಲಿ ಹಸಿ ಸಸ್ಯನಾರು ಕಮರತೊಡಗುತ್ತದೆ. ಹೊರಟ ಆವಿಯು ಎರಕದೊಳಗೆ ಗುಳ್ಳೆ ಕಟ್ಟುತ್ತದೆ. ಮೇಲಾಗಿ ನಾರು ನೀರನ್ನು ಹೀರುವಂಥದು, ಪ್ಲಾಸ್ಟಿಕ್ಕು ನೀರನ್ನು ದೂರವಿಡುವಂಥದು. ಇವೆರಡರ ನಂಟು ಬಹುಕಾಲ ನಿಲ್ಲದು. ಆದುದರಿಂದ ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ ಹೊಟ್ಟನ್ನು ಮೊದಲೇ ಕಾಯಿಸುತ್ತಾರೆ. ಇದ್ದಿಲು ಸುಡುವವರ ಹಳೆಯ ಉಪಾಯವೇ ಇದು! ನೀರೂ ಅನಿಲಗಳೂ ತೊಲಗಿ, ಇಂಗಾಲದ ಅಂಶ ಹೆಚ್ಚಿದ ಕರಿಯ ಪುಡಿ ಉಳಿಯುತ್ತದೆ. ಎರಕದ ಶಾಖಕ್ಕೆ ಅದು ಜಗ್ಗದು.

ಈ ಗೂಡಿಗೆ ಮೊದಲು ಬೆರೆಸುತ್ತಿದ್ದುದು ಬಳಪದ ಕಲ್ಲಿನ ಪುಡಿ. ಅದರ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು, ಇದ್ದಿಲು ಅದಕ್ಕಿಂತ ಬಹಳ ಹಗುರ. ಭಾಗದ ತೂಕ ಸುಮಾರು ಶೇಕಡಾ 20ರಷ್ಟು ಇಳಿಯುವುದೆಂದೂ, ಅಚ್ಚೊತ್ತಲು ಬೇಕಾದ ಶಕ್ತಿಯಲ್ಲಿ ಶೇಕಡಾ 25ರವರೆಗೆ ಉಳಿತಾಯವೆಂದೂ ಕಂಪನಿಯ ಹೇಳಿಕೆ.

ಆದರೆ ಬಲವೆಂಬುದು ಒಂದೇ ಗುಣವಲ್ಲ. ಗಡಸು ಕಣಗಳು ಸೇರಿದಷ್ಟೂ ಪ್ಲಾಸ್ಟಿಕ್ಕು ಬಾಗದೆ ಬಿಗಿಯಾಗುತ್ತದೆ. ಪೆಟ್ಟಿಗೆ ಮಾತ್ರ ಬೇಗ ಬಿರಿಯಬಹುದು. ಸರಿಯಾಗಿ ಅಂಟದ ಪ್ರತಿಯೊಂದು ಕಣದ ಅಂಚೂ ಬಿರುಕಿಗೆ ತವರು. ಪುಡಿಯನ್ನು ನುಣ್ಣಗೆ ಅರೆಯುವುದೂ, ಎರಡನ್ನೂ ಹಿಡಿದಿಡುವ ಬೆಸುಗೆದ್ರವ್ಯವನ್ನು ಸೇರಿಸುವುದೂ ಇದಕ್ಕಾಗಿಯೇ. ದೀಪದ ಗೂಡು ಮುಖ್ಯವಾಗಿ ಶಾಖವನ್ನು ತಾಳಿದರೆ ಸಾಕು. ಪೆಟ್ಟು ತಿನ್ನುವುದೇ ಕೆಲಸವಾದ ಬಂಪರಿಗೆ ಇದೇ ಮಿಶ್ರಣವನ್ನು ಒಪ್ಪಿಸಲು ನನಗಂತೂ ಧೈರ್ಯ ಸಾಲದು.