ಜನರೇಟರ್ ಹೊಗೆ ಎಲ್ಲಿಗೆ ಹೋಗುತ್ತೆ?

ಹೋದ ವರ್ಷ ಹದಡಿಯಲ್ಲಿ ನಮ್ಮ ಗೆಳೆಯನ ಮನೆ ಗೃಹಪ್ರವೇಶ ಇತ್ತು. ಸಂಜೆ ಕರೆಂಟ್ ಹೋಯ್ತು. ಮಳೆ ಹನೀತಿದೆ ಅಂತ ಬಾಡಿಗೆಯ ಪೆಟ್ರೋಲ್ ಜನರೇಟರನ್ನು ಹಿತ್ತಲ ಬಾಗಿಲ ಒಳಗೇ ಇಟ್ಟು ಶುರು ಮಾಡಿದ್ವಿ. ಬಾಗಿಲು ತೆರೆದಿತ್ತು, ಹೊಗೆಯೂ ಕಾಣ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಅಜ್ಜಿಗೆ ತಲೆನೋವು, ವಾಕರಿಕೆ. "ಬೆಳಿಗ್ಗೆಯಿಂದ ಉಪವಾಸ, ಪಿತ್ತ ಆಗಿರ್ಬೇಕು" ಅಂದ್ರು ಎಲ್ಲರೂ. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಜನರೇಟರ್ ಎಲ್ಲಿಟ್ಟಿದ್ರಿ?" ಅಜ್ಜಿ ಹುಷಾರಾದ್ರು. ಮೆಕ್ಯಾನಿಕಲ್ ಓದೋ ನಾವು ಮಾತ್ರ ತಲೆ ತಗ್ಗಿಸಿದ್ವಿ.

ಇಂಧನ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಆಗ ಉಸಿರಾಡ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಅದಕ್ಕೇ ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು, ಹೊಗೆಯ ಬಾಯಿ ಕಿಟಕಿ-ಬಾಗಿಲಿನ ಕಡೆ ಇರಬಾರದು.

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಹೇಳ್ತಿದ್ದಾಗ ಮಲ್ಪೆಯ ಗೆಳೆಯನೊಬ್ಬ ಕೇಳಿದ: "ನಿಮ್ಮ ಹದಡಿಯಲ್ಲಿ ದೂರ ಇಡೋಕೆ ಅಂಗಳ ಇದೆ. ನಮ್ಮ ಮೀನುಗಾರಿಕೆ ಬೋಟಲ್ಲಿ ಎಲ್ಲಿಡೋದು?"

ಒಳ್ಳೆ ಪ್ರಶ್ನೆ. ಕೂತು ಓದಿದ್ವಿ. ಮೊದಲನೆಯದು, ಕೈಯಲ್ಲಿ ಎತ್ತಿ ಒಯ್ಯುವ ಪೆಟ್ರೋಲ್ ಜನರೇಟರನ್ನು ಕ್ಯಾಬಿನ್ನಿನಲ್ಲಾಗಲಿ ಡೆಕ್ ಕೆಳಗಾಗಲಿ ಓಡಿಸಲೇಬಾರದು. ಅಲ್ಲಿ ಪೆಟ್ರೋಲ್ ಆವಿ ಸೇರಿಕೊಂಡು ಬೆಂಕಿಯ ಭಯವೂ ಇದೆ. ಬೋಟಿಗೆ ಬೇಕಾದದ್ದು ಗಟ್ಟಿಯಾಗಿ ಕೂರಿಸಿದ ಡೀಸೆಲ್ ಜನರೇಟರ್, ಅದಕ್ಕೆ ಹೊರಗೆ ಹೋಗುವ ಅದರದ್ದೇ ಪೈಪು. ಡೀಸೆಲ್‌ನಲ್ಲಿ ಈ ಅನಿಲ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಪೈಪು ಹಾಕಿದ್ರೆ ಮುಗೀತಾ? ಇಲ್ಲ. ಎಂಜಿನ್ ಅದುರಿ ಅದುರಿ ಜಾಯಿಂಟ್ ಬಿರುಕು ಬಿಡುತ್ತೆ, ಉಪ್ಪುನೀರಿಗೆ ಪೈಪು ತುಕ್ಕು ಹಿಡಿಯುತ್ತೆ. ಸೋರಿಕೆ ಬೋಟಿನ ಒಳಗೇ ಆಗುತ್ತೆ. ಬೆಂಡ್ ಜಾಸ್ತಿಯಾದ್ರೆ ಹೊಗೆ ಹೊರಗೆ ಹೋಗೋಕೆ ತಡೆಯಾಗಿ ಎಂಜಿನ್ ಒದ್ದಾಡುತ್ತೆ. ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಆಮೇಲೆ ಇಳಿಸದಿದ್ದರೆ ಅಲೆಯ ನೀರು ಎಂಜಿನ್ನಿಗೇ ನುಗ್ಗಬಹುದು. ಬಿಸಿ ಪೈಪು ಮರಕ್ಕೆ, ಬಲೆಗೆ ತಾಗದ ಹಾಗೆ ಶಾಖ ತಡೆಯುವ ಹೊದಿಕೆಯೂ ಬೇಕು.

ಇನ್ನೊಂದು ವಿಷಯ ನಮಗೇ ಆಶ್ಚರ್ಯ ಆಯ್ತು. ಬೋಟ್ ಮುಂದೆ ಓಡುವಾಗ ಅದರ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತೆ. ಹಿಂದೆ ಬಿಟ್ಟ ಹೊಗೆ ಸುತ್ತಿಕೊಂಡು ವಾಪಸ್ ಡೆಕ್ಕಿಗೇ ಬರಬಹುದು. ಲಂಗರು ಹಾಕಿದಾಗ ಗಾಳಿ ತಿರುಗಿದ್ರೂ ಇದೇ ಕಥೆ. ಹಾಗಾಗಿ ಪೈಪಿನ ಬಾಯಿ ಕ್ಯಾಬಿನ್ನಿನ ಕಿಟಕಿಗಳಿಂದ ಆದಷ್ಟು ದೂರ ಇರಬೇಕು. ಮಲಗುವ ಜಾಗದಲ್ಲಿ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು, ಯಾಕಂದ್ರೆ ಮೂಗು ಇದನ್ನು ಹಿಡಿಯಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿ ನಡೆಯೋದು ಆಗಲೇ. ಪೈಪು, ಜಾಯಿಂಟ್ ನೋಡೋಕೂ ಅದೇ ಸಮಯ ಅಂತ ಗೆಳೆಯ ಅಪ್ಪನಿಗೆ ಫೋನ್ ಮಾಡಿ ಹೇಳಿದ.

ಹದಡಿಯಾದರೂ ಮಲ್ಪೆಯಾದರೂ, ಜನರೇಟರ್ ಓಡುವಾಗ ಒಟ್ಟಿಗೇ ಇಬ್ಬರು ಮೂವರಿಗೆ ತಲೆ ನೋವು, ತಲೆ ಸುತ್ತು ಬಂದ್ರೆ ಪಿತ್ತ ಅನ್ಬೇಡಿ. ಮೊದಲು ಎಲ್ಲರನ್ನೂ ಹೊರಗಾಳಿಗೆ ತನ್ನಿ, ಎಂಜಿನ್ ಆಫ್ ಮಾಡಿ, ಆಸ್ಪತ್ರೆಗೆ ಹೋಗಿ. ನಮ್ಮ ಅಜ್ಜಿಗೆ ಅದೃಷ್ಟ ಇತ್ತು, ಬಾಗಿಲು ತೆರೆದಿತ್ತು.