ಕಷ್ಟಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು!



ಹೋದ ತಿಂಗಳು ಇಂಗ್ಲಿಷ್ ಪೀರಿಯಡ್‌ನಲ್ಲಿ ನಾನು ಮಾಡಿದ ತಪ್ಪು ನಮ್ಮ ಏಳನೇ ತರಗತಿಯವರಿಗೆಲ್ಲಾ ಗೊತ್ತು. ಮಿಕ್ಕವರಿಗೆ ಈಗ ನಾನೇ ಹೇಳುತ್ತೇನೆ. ಮೇಷ್ಟ್ರು ಬೋರ್ಡಿನ ಮೇಲೆ 'ಹಿ ಈಸ್ ಇನ್ ಎ ಪಿಕಲ್' ಎಂದು ಬರೆದು ಅರ್ಥ ಹೇಳಲು ನನ್ನನ್ನು ಎಬ್ಬಿಸಿದರು. 'ಅವನು ಉಪ್ಪಿನಕಾಯಿಯಲ್ಲಿ ಇದ್ದಾನೆ ಸಾರ್' ಎಂದೆ. ಇಡೀ ತರಗತಿ ನಕ್ಕಿತು. ಆವತ್ತಿನಿಂದ ಎರಡು ವಾರ ನನ್ನ ಹೆಸರೇ ಉಪ್ಪಿನಕಾಯಿ ಆಗಿಹೋಯ್ತು. ನಿಜ ಹೇಳಬೇಕೆಂದರೆ, ಆಮೇಲೆ ನಾನು ಇಂಗ್ಲಿಷ್ ಪೀರಿಯಡ್‌ನಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದೆ. ಉತ್ತರ ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ.

ಮೇಷ್ಟ್ರಿಗೆ ಅದು ಗೊತ್ತಾಯಿತು ಅಂತ ಕಾಣುತ್ತೆ. ಒಂದು ದಿನ ಕರೆದು, 'ನೀನು ಹೇಳಿದ್ದು ಪದದ ಅರ್ಥ, ನಾನು ಕೇಳಿದ್ದು ಮಾತಿನ ಅರ್ಥ. ಇಂಥ ಮಾತು ಇನ್ನೂ ಬೇಕಾದಷ್ಟಿವೆ. ಹುಡುಕಿ ಗೋಡೆ ಪತ್ರಿಕೆಗೆ ಬರಿ' ಎಂದು ದೊಡ್ಡ ನಿಘಂಟು ಕೊಟ್ಟರು. ಅದನ್ನು ನೋಡಿ, ಮೇಷ್ಟ್ರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕೆಲವು ಪದಗಳು ಸೇರಿ, ತಮ್ಮ ಬಿಡಿ ಅರ್ಥ ಬಿಟ್ಟು ಬೇರೆಯೇ ಅರ್ಥ ಕೊಟ್ಟರೆ ಅದಕ್ಕೆ ನುಡಿಗಟ್ಟು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇಡಿಯಮ್. ಕಷ್ಟಕ್ಕೆ ಸಿಕ್ಕಿಕೊಳ್ಳುವುದನ್ನು ಹೇಳಲು ಅವರಲ್ಲಿ ಇರುವ ಕೆಲವು ನುಡಿಗಟ್ಟುಗಳು ಇವು.

1. ಇನ್ ಎ ಪಿಕಲ್: ಪಿಕಲ್ ಅಂದ್ರೆ ಮೊದಲು ಕಾಯಿ ಅಲ್ಲ, ಕಾಯಿಯನ್ನು ನೆನೆಹಾಕುವ ಉಪ್ಪುನೀರು. ಅದರಲ್ಲಿ ಬಿದ್ದವನ ಪಾಡು ಏನಾಗಬೇಡ! ಷೇಕ್ಸ್‌ಪಿಯರ್ 1611ರ ಸುಮಾರಿಗೆ ಬರೆದ 'ದ ಟೆಂಪೆಸ್ಟ್' ನಾಟಕದಲ್ಲೇ ಈ ಮಾತು ಬರುತ್ತದೆ. ಅಂದರೆ ಈ ಉಪ್ಪಿನಕಾಯಿಗೆ 400 ವರ್ಷ ದಾಟಿದೆ. ನಾವು 'ಪೇಚಿಗೆ ಸಿಕ್ಕಿದ, ಫಜೀತಿಗೆ ಬಿದ್ದ' ಎನ್ನುತ್ತೇವೆ.

2. ಇನ್ ಹಾಟ್ ವಾಟರ್: ಬಿಸಿನೀರಿನಲ್ಲಿದ್ದಾನೆ ಎಂದರೆ ಸ್ನಾನ ಮಾಡುತ್ತಿದ್ದಾನೆ ಅಂತಲ್ಲ. ಏನೋ ಮಾಡಲು ಹೋಗಿ ದೊಡ್ಡವರ ಕೈಲಿ ಬೈಸಿಕೊಳ್ಳುವ ಹಾಗಾಗಿದೆ ಅಂತ. ಹೋಂವರ್ಕ್ ಬರೆಯದೆ ಬಂದವರಿಗೆ ಇದು ಚೆನ್ನಾಗಿ ಗೊತ್ತು.

3. ಸ್ಟಿಕಿ ವಿಕೆಟ್: ಇದು ಕ್ರಿಕೆಟ್ಟಿನಿಂದ ಬಂದದ್ದು. ಹಿಂದೆ ಮಳೆ ಬಂದಾಗ ಪಿಚ್ಚಿಗೆ ಹೊದಿಕೆ ಹಾಕುತ್ತಿರಲಿಲ್ಲ. ನೆನೆದ ಪಿಚ್ಚು ಬಿಸಿಲಿಗೆ ಒಣಗುವಾಗ ಅಂಟಂಟಾಗುತ್ತಿತ್ತು. ಚೆಂಡು ಒಮ್ಮೆ ಎದೆಗೆ ಏಳೋದು, ಒಮ್ಮೆ ಗಿರ್ರನೆ ತಿರುಗೋದು. ಪಾಪ, ಬ್ಯಾಟ್ ಹಿಡಿದವನು ಏನು ಮಾಡಬೇಕು? ಹಾಗೆ ಎತ್ತ ಹೋದರೂ ತೊಂದರೆ ಎನ್ನುವ ಸ್ಥಿತಿಗೆ ಈ ಹೆಸರು ಬಂತು.

4. ಬಿಟ್ವೀನ್ ಸಿಲ್ಲಾ ಅಂಡ್ ಕರಿಬ್ಡಿಸ್: ಗ್ರೀಕ್ ಕವಿ ಹೋಮರನ 'ಒಡಿಸ್ಸಿ'ಯಲ್ಲಿ ಒಂದು ಕಥೆ ಇದೆ. ಕಡಲಿನ ಇಕ್ಕಟ್ಟು ದಾರಿಯ ಒಂದು ಕಡೆ ಆರು ತಲೆಯ ರಾಕ್ಷಸಿ ಸಿಲ್ಲಾ, ಇನ್ನೊಂದು ಕಡೆ ಹಡಗನ್ನೇ ನುಂಗುವ ಸುಳಿ ಕರಿಬ್ಡಿಸ್. ಸುಳಿಯ ಕಡೆ ಹೋದರೆ ಎಲ್ಲರೂ ಸಾಯುತ್ತಾರೆಂದು ಒಡಿಸ್ಸಿಯಸ್ ರಾಕ್ಷಸಿಯ ಕಡೆ ಹೋದ. ಆರು ಜನ ಹೋದರು, ಹಡಗು ಉಳಿಯಿತು. ನಮ್ಮಲ್ಲಿ ಇದಕ್ಕೆ 'ಅತ್ತ ದರಿ, ಇತ್ತ ಪುಲಿ' ಎಂಬ ಮಾತಿದೆ. ದರಿ ಅಂದ್ರೆ ಕಣಿವೆ, ಪುಲಿ ಅಂದ್ರೆ ಹುಲಿ.

5. ಹಾಬ್ಸನ್ಸ್ ಚಾಯ್ಸ್: ಥಾಮಸ್ ಹಾಬ್ಸನ್ ಎಂಬುವನು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದ. 1631ರಲ್ಲಿ ತೀರಿಕೊಂಡ. ಎಲ್ಲರೂ ಒಳ್ಳೇ ಕುದುರೆಯನ್ನೇ ಕೇಳಿದರೆ ಅದು ಸುಸ್ತಾಗಿ ಸಾಯುತ್ತದಲ್ಲ? ಅದಕ್ಕೆ ಅವನು, ಬಾಗಿಲ ಹತ್ತಿರ ಇರೋ ಕುದುರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ ಎನ್ನುತ್ತಿದ್ದನಂತೆ. ಆಯ್ಕೆ ಇದ್ದ ಹಾಗೆ ಕಂಡರೂ ಆಯ್ಕೆಯೇ ಇಲ್ಲದಿದ್ದರೆ ಅದು ಹಾಬ್ಸನ್ಸ್ ಚಾಯ್ಸ್.

6. ಕ್ಯಾಚ್ 22: ಇದು 1961ರಲ್ಲಿ ಬಂದ ಒಂದು ಕಾದಂಬರಿಯ ಹೆಸರು. ಬರೆದವರು ಅಮೆರಿಕದ ಜೋಸೆಫ್ ಹೆಲ್ಲರ್. ಕಥೆಯಲ್ಲಿ ಯುದ್ಧವಿಮಾನದವರಿಗೆ ಒಂದು ನಿಯಮ ಇರುತ್ತದೆ. ಹುಚ್ಚು ಹಿಡಿದವನು ಹಾರುವಂತಿಲ್ಲ, ಆದರೆ 'ನನ್ನನ್ನು ಬಿಡಿ' ಎಂದು ಅವನೇ ಕೇಳಬೇಕು. ಕೇಳಿದರೆ, 'ಜೀವದ ಮೇಲೆ ಆಸೆ ಇದೆ, ಇವನಿಗೆ ಹುಚ್ಚಿಲ್ಲ' ಎಂದು ಮತ್ತೆ ಕಳಿಸುತ್ತಾರೆ! ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ, 'ಅಯ್ಯೋ, ಇದೇನು ಹೊಸದಾ? ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ' ಎಂದರು. ನನಗೆ ಆಶ್ಚರ್ಯವಾಯಿತು. ಅಲ್ಲೂ ಹುಚ್ಚು, ಇಲ್ಲೂ ಹುಚ್ಚು! ಅಜ್ಜಿಯೂ ಒಂದು ಸಲ ಹೀಗೆ ಸಿಕ್ಕಿಕೊಂಡಿದ್ದರು. ಈ ಕಾಗದ ತಂದರೆ ಆ ಕಾಗದ ಎಂದು ಒಂದು ಕಡೆ, ಆ ಕಾಗದ ತಂದರೆ ಈ ಕಾಗದ ಎಂದು ಇನ್ನೊಂದು ಕಡೆ ಹೇಳಿ ಅವರನ್ನು ನಾಲ್ಕು ಸಲ ಅಲೆಸಿದ್ದರು.

ಕೊನೆಗೆ ಒಂದು ವಿಶೇಷ. ಬಹಳ ಕಷ್ಟದಲ್ಲಿರುವುದಕ್ಕೆ 'ಇನ್ ಡೈರ್ ಸ್ಟ್ರೇಟ್ಸ್' ಎನ್ನುತ್ತಾರೆ. ಈ ಸ್ಟ್ರೇಟ್ ಅಂದ್ರೆ ನೆಟ್ಟಗೆ ಎಂದಲ್ಲ, ಅದರ ಸ್ಪೆಲ್ಲಿಂಗೇ ಬೇರೆ. ಇದರ ಅರ್ಥ ಕಿರಿದಾದ ಜಾಗ. ಸಮಾಜ ಪಾಠದಲ್ಲಿ ಓದಿದ ಪಾಕ್ ಜಲಸಂಧಿಗೂ ಇಂಗ್ಲಿಷಿನಲ್ಲಿ ಸ್ಟ್ರೇಟ್ ಎಂದೇ ಹೆಸರು. ಕನ್ನಡದ 'ಇಕ್ಕಟ್ಟು' ಪದ ನೋಡಿ. ಕಿರಿದಾದ ಜಾಗವೂ ಇಕ್ಕಟ್ಟು, ಕಷ್ಟವೂ ಇಕ್ಕಟ್ಟು. ಸಂಸ್ಕೃತದ 'ಸಂಕಟ'ಕ್ಕೂ ಇಕ್ಕಟ್ಟಾದದ್ದು ಎಂಬ ಅರ್ಥ ಇದೆಯಂತೆ. ಭಾಷೆ ಬೇರೆ ಆದರೂ ಕಷ್ಟ ಬಂದಾಗ ಉಸಿರು ಕಟ್ಟುವುದು ಎಲ್ಲರಿಗೂ ಒಂದೇ ಥರ ಇರಬೇಕು.

ಇದರಿಂದ ನಾನು ಕಲಿತದ್ದು ಎರಡು. ಒಂದು, ನುಡಿಗಟ್ಟನ್ನು ಪದ ಪದವಾಗಿ ಬಿಡಿಸಬಾರದು. ನಾವು 'ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ' ಎಂದರೆ ಇಂಗ್ಲೆಂಡಿನ ಹುಡುಗ ರಕ್ತ ಎಲ್ಲಿ ಬಂತು ಅಂತ ಕೇಳಬಹುದು! ಎರಡು, ಕಷ್ಟ ಎಂದರೆ ಎಲ್ಲಾ ಒಂದೇ ಅಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನು ಬೇರೆ, ದಾರಿಯೇ ಇಲ್ಲದವನು ಬೇರೆ. ಯಾವ ಥರದ ಕಷ್ಟ ಎಂದು ಸರಿಯಾಗಿ ಹೇಳಿದರೆ ಕೇಳುವವರಿಗೂ ಸಹಾಯ ಮಾಡಲು ಆಗುತ್ತದೆ. ನಾನು ಮೇಷ್ಟ್ರ ಹತ್ತಿರ 'ನಗ್ತಾರೆ ಅಂತ ಭಯ ಸಾರ್' ಎಂದು ಮೊದಲೇ ಹೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.

ಮೊನ್ನೆ ಸೋಮವಾರ ಮತ್ತೆ ಕೈ ಎತ್ತಿದೆ. ಆ ಉತ್ತರವೂ ತಪ್ಪಾಯಿತು. ಪರವಾಗಿಲ್ಲ, ಈ ಸಲ ನಾನೂ ನಿಮ್ಮ ಜೊತೆ ನಕ್ಕೆ.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಹೇಳುವ ಇಂಥ ಮಾತುಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಇಂತಿ ನಿಮ್ಮ ಉಪ್ಪಿನಕಾಯಿ,
7ನೇ ತರಗತಿ