ತೆರೆ ಬರಿದಾದರೆ ಪೆಟ್ಟಿಗೆ ಕೆಟ್ಟಂತಲ್ಲ

ಮುಂಬಯಿ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದು ಆರಂಭವಾಯಿತು. ವರ್ಲಿಯ ಗೋಪುರದಿಂದ ಹೊರಟ ಅಲೆಗಳನ್ನು ವಿಕ್ರೋಳಿಯ ಮಾಡುಗಳ ಮೇಲಿನ ಆಂಟೆನಾಗಳು ಹಿಡಿಯುತ್ತಿದ್ದವು. ಆ ಅನಲಾಗ್ ಪದ್ಧತಿಯಲ್ಲಿ ಒಂದು ತರಂಗಪಥಕ್ಕೆ ಒಂದೇ ವಾಹಿನಿ. ಸಂಕೇತವು ಕ್ಷೀಣಿಸಿದರೆ ಚಿತ್ರದಲ್ಲಿ ಚುಕ್ಕೆಗಳು ಮೂಡುತ್ತಿದ್ದವು. ಡಿಜಿಟಲ್ ಪದ್ಧತಿಯಲ್ಲಿ ಅಷ್ಟೇ ಪಥದಲ್ಲಿ ಹಲವು ವಾಹಿನಿಗಳು ಸಾಗಬಲ್ಲವು; ಆದರೆ ಸಂಕೇತವು ಒಂದು ಮಿತಿಗಿಂತ ಇಳಿದೊಡನೆ ಚಿತ್ರವೇ ಮಾಯವಾಗುತ್ತದೆ.

2016ರ ಫೆಬ್ರವರಿಯಲ್ಲಿ ಮುಂಬಯಿ, ಬೆಂಗಳೂರು ಸೇರಿದಂತೆ 16 ನಗರಗಳ ಗೋಪುರಗಳಿಂದ ಡಿಜಿಟಲ್ ಪ್ರಸಾರವು ಮೊದಲಾಯಿತು. ಆದರೆ ಗೋಪುರದ ಪ್ರಾದೇಶಿಕ ವಾಹಿನಿಯು ಆಯಾ ರಾಜ್ಯಭಾಷೆಯದು. ಆದುದರಿಂದ ಮುಂಬಯಿಯ ಕನ್ನಡಿಗರಿಗೆ ‘ಚಂದನ’ವು ಉಪಗ್ರಹದ ಮೂಲಕ ದೊರೆಯುತ್ತದೆ. ಡಿಡಿ ಫ್ರೀ ಡಿಶ್‌ನಲ್ಲಿ ಇದಕ್ಕೆ ಮಾಸಿಕ ಶುಲ್ಕವಿಲ್ಲ.

ವಾಹಿನಿಯ ಕಂಪನಾಂಕವು ಬದಲಾದಾಗ ತೆರೆ ಬರಿದಾಗುವುದು ಸಹಜ. ಬ್ಯಾಂಕಿನ ಶಾಖೆಯು ಬೇರೆ ಕಟ್ಟಡಕ್ಕೆ ಹೋದರೆ ನಮ್ಮ ಖಾತೆ ಅಳಿಯದು. ಹೊಸ ವಿಳಾಸ ತಿಳಿದರೆ ಸಾಕು. ಅಂತೆಯೇ ಸೆಟ್‌ಟಾಪ್ ಪೆಟ್ಟಿಗೆಯಿಂದ ವಾಹಿನಿಗಳನ್ನು ಮತ್ತೊಮ್ಮೆ ಹುಡುಕಿಸಬೇಕು. ಭಾರೀ ಮಳೆ ಸುರಿಯುವಾಗ ಸಂಕೇತವು ಸೊರಗುವುದುಂಟು; ಮಳೆ ಇಳಿಯುವ ತನಕ ಕಾಯುವುದು ಲೇಸು. ಒದ್ದೆಯಾದ ಮಾಡನ್ನೇರಿ ತಟ್ಟೆಯನ್ನು ತಿರುಗಿಸುವ ಸಾಹಸ ಸಲ್ಲದು. ಬಿದ್ದು ಮೂಳೆ ಮುರಿದುಕೊಂಡರೆ ನಷ್ಟವು ದೊಡ್ಡದು.

ಹೊರಗೆ ಓಡಾಡಲಾಗದ ವೃದ್ಧರಿಗೆ ಕನ್ನಡ ವಾರ್ತೆಯೇ ಊರಿನ ಸಂಪರ್ಕ. ಹೊಸ ಟೀವಿಗೆ ಹಣ ತೆರುವ ಮುನ್ನ ಮನೆಯ ಕಿರಿಯರು ಈ ಹುಡುಕಾಟಕ್ಕೆ ಐದು ನಿಮಿಷಗಳನ್ನು ಮೀಸಲಿಡಲಿ.